ಹೊಸ ಬಚ್ಚಲಲ್ಲಿ ನಿಲ್ಲುವ ನೀರು

ಅಷ್ಟು ದುಡ್ಡು ಸುರಿದು ಬಚ್ಚಲುಮನೆ ಹೊಸದು ಮಾಡಿಸಿದ ಮೇಲೂ, ಸ್ನಾನ ಮುಗಿಸಿ ಪೊರಕೆ ಹಿಡಿದು ನೀರು ತಳ್ಳಬೇಕೆಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಹಳೆಯದು ಹೊಗೆ ಹಿಡಿದಿತ್ತು, ನಿಜ. ಸೌದೆ ಒಲೆ, ತಾಮ್ರದ ಹಂಡೆ, ಒರಟು ಕಲ್ಲುಚಪ್ಪಡಿ. ಆದರೆ ಸುರಿದ ನೀರು ಸರ್ರನೆ ಹರಿದುಹೋಗುತ್ತಿತ್ತು, ಒಲೆಯ ಕಾವಿಗೆ ಗೋಡೆ ಒಣಗಿರುತ್ತಿತ್ತು.

ಈಗ ಹೊಳೆಯುವ ಟೈಲ್ಸ್ ಇದೆ, ಇಳಿಜಾರು ಇಲ್ಲ. ಅಡಿಗೆ ಕಾಲು ಇಂಚಿನಷ್ಟು ವಾಟ ಕೊಡಬೇಕೆಂಬುದು ಯಾವ ಮೇಸ್ತ್ರಿಗೂ ಗೊತ್ತಿರುವ ವಿಷಯ. ನಮ್ಮಲ್ಲಿ ನೀರು ಬಾಗಿಲ ಕಡೆಗೇ ಓಡುತ್ತದೆ, ಕಮೋಡಿನ ಹಿಂದೆ ಮಡುಗಟ್ಟುತ್ತದೆ. ಕೇಳಿದರೆ ನಮ್ಮ ಮೇಸ್ತ್ರಿ, 'ಒಣಗುತ್ತದೆ ಬಿಡಿ ಸಾರ್' ಎನ್ನುತ್ತಾರೆ. ಒಣಗುವುದೇ? ಜುಲೈ ತಿಂಗಳ ಮಡಿಕೇರಿಯಲ್ಲಿ? ಇಲ್ಲಿ ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ!

ಟೈಲ್ಸ್ ಕೂರಿಸುವ ಮುನ್ನ ವಾಟರ್‌ಪ್ರೂಫಿಂಗ್ ಮಾಡಿ, ಒಂದು ದಿನವಾದರೂ ನೀರು ನಿಲ್ಲಿಸಿ ಸೋರುವಿಕೆ ನೋಡಬೇಕು. ಕೇಳಿಕೊಂಡೆವು. ಮಳೆ ಹಿಡಿಯುವುದರೊಳಗೆ ಮುಗಿಸಬೇಕೆಂದು ಅವಸರ ಮಾಡಿದರು. ಈಗ ಪಕ್ಕದ ಕೋಣೆಯ ಗೋಡೆಯಲ್ಲಿ ಮೊಣಕಾಲೆತ್ತರಕ್ಕೆ ಬಣ್ಣ ಉಬ್ಬಿದೆ. ಬೆರಳು ತಾಗಿಸಿದರೆ ಗಾರೆಯೂ ಸೇರಿ ಉದುರುತ್ತದೆ.

ಅಮ್ಮನಿಗೆ ಎಪ್ಪತ್ತು ದಾಟಿದೆ. ಆ ನುಣುಪು ನೆಲದಲ್ಲಿ ಗೋಡೆ ಹಿಡಿದೇ ಹೆಜ್ಜೆ ಇಡುತ್ತಾರೆ. ಜಾರದ, ಒರಟು ಮೈಯ ಟೈಲ್ಸ್ ಬೇಕೆಂದು ಅಂಗಡಿಯಲ್ಲೇ ಹೇಳಿದ್ದೆವು, ಬಂದದ್ದು ಬೇರೆ. ನನ್ನ ಹೊಟ್ಟೆ ಉರಿಯುವುದು ಇದಕ್ಕೇ.

ಮಳೆ ಬಿಟ್ಟ ಮೇಲೆ ಮೇಸ್ತ್ರಿ ಬಂದು ನೋಡುತ್ತಾರಂತೆ. ಅಷ್ಟರಲ್ಲಿ ಕಾಫಿ ಕೊಯ್ಲು ಶುರುವಾಗುತ್ತದೆ, ಆಳು ಸಿಗುವುದಿಲ್ಲ ಎಂಬ ಮಾತು ಬರುತ್ತದೆ. ಟೈಲ್ಸ್ ಕಿತ್ತು ವಾಟ ಸರಿಮಾಡುವವರೆಗೆ ಬಾಕಿ ಹಣ ಕೊಡುವುದಿಲ್ಲವೆಂದು ಹೇಳಿಬಿಟ್ಟಿದ್ದೇನೆ.