‘ಸರಿ, ಹಾಲು ತರ್ಲಾ?’ ಅಂದವನ ಮಾತು

ಮಾತು ಕಡಿಮೆ ಇರುವ ಗಂಡ ಅಪ್ಪ ಆಗುವ ಮೊದಲು ಮನಸ್ಸು ಬಿಚ್ಚಿ ಮಾತಾಡುವುದನ್ನು ಕಲಿಯಲೇಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನಾನೂ ಅದೇ ಪೈಕಿ, ಮದುವೆಮನೆಯಲ್ಲಿ ಊಟ ಮುಗಿಸಿ ಚಪ್ಪಲಿ ಹುಡುಕುವವನು. ಎರಡು ವರ್ಷ ಮಕ್ಕಳು ಬೇಡ ಅಂದುಕೊಂಡಿದ್ದಾಗಲೇ ನನ್ನ ಹೆಂಡತಿ ಪ್ರೆಗ್ನೆನ್ಸಿ ಟೆಸ್ಟ್‌ನ ಎರಡು ಗೆರೆ ತೋರಿಸಿದಳು, ನನ್ನ ಬಾಯಿಂದ ಬಂದಿದ್ದು ‘ಸರಿ, ಹಾಲು ತರ್ಲಾ?’ ಅಷ್ಟೇ. (ಅತ್ತೆ ಮನೆಯಲ್ಲಿ ಈಗಲೂ ಇದೇ ಜೋಕು.)

ಆದರೆ ಡಾಕ್ಟರ್ ಎದುರು ನಾಲಿಗೆ ಹೊರಳುವುದಿಲ್ಲ ಅಂತ ಕೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು, ತಾಯಿ ಕಾರ್ಡ್ ಒಳಗಿಟ್ಟು ಸುಮ್ನೆ ಮುಂದೆ ಚಾಚುತ್ತಿದ್ದೆ. ಕಬ್ಬಿಣಾಂಶದ ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ ಅಂತ ಗೊತ್ತಾಗಿದ್ದು ಹಾಗೆ. ಅವತ್ತಿಂದ ಮಾತ್ರೆ ಜೊತೆ ನಿಂಬೆ ಪಾನಕ ಮಾಡಿಕೊಡುವುದು ನನ್ನ ಕೆಲಸ.

ಮಾತು ಬೇಕಾಗಿದ್ದು ರಜೆ ಕೇಳುವಾಗ. ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ, ನಮ್ಮಂಥ ಖಾಸಗಿಯವರು ಮ್ಯಾನೇಜರ್ ಮುಂದೆ ತಡವರಿಸುತ್ತಾ ನಿಲ್ಲಬೇಕು. ಅದರ ಬಗ್ಗೆ ಒಂದು ಸಾಲೂ ಬರೆದಿಲ್ಲವಲ್ಲ, ಯಾಕೆ?