ಬ್ಲೈಂಡ್ಸ್‌ಗೆ ನೀರು ಕೊನೆಯ ಉಪಾಯವಾಗಲಿ

ಮನೆಯ ಕಿಟಕಿಗಳಿಗೆ ಬ್ಲೈಂಡ್ಸ್ ಹಾಕಿಸುವಾಗ ಬಣ್ಣ, ಅಳತೆ, ಒಳಬರುವ ಬೆಳಕು, ಹೊರಗಿನವರ ನೋಟ ಎಲ್ಲವನ್ನೂ ಕೂಲಂಕಷವಾಗಿ ಚರ್ಚಿಸುತ್ತೇವೆ. ಅವನ್ನು ಯಾರು, ಹೇಗೆ, ಎಷ್ಟು ದಿನಕ್ಕೊಮ್ಮೆ ಒರೆಸುವುದು ಎಂಬ ಮಾತು ಮಾತ್ರ ಆ ಚರ್ಚೆಯಲ್ಲಿ ಬರುವುದೇ ಇಲ್ಲ. ಹೀಗಾಗಿ ಅವು ವರ್ಷಗಟ್ಟಲೆ ಧೂಳು ಹೊತ್ತು ಹಾಗೆಯೇ ತೂಗಾಡುತ್ತಿರುತ್ತವೆ. ಕೊನೆಗೊಂದು ದಿನ, ಮನೆಯನ್ನೆಲ್ಲ ತೊಳೆದು ಬಳಿಯುವ ಉಮೇದಿನಲ್ಲಿ ಅವನ್ನು ಕಳಚಿ, ಬಚ್ಚಲಿಗೆ ಹೊತ್ತೊಯ್ದು, ಸೋಪಿನ ನೀರಿನಲ್ಲಿ ನೆನೆಹಾಕಿ ಬ್ರಷ್ಷಿನಿಂದ ಗಸಗಸ ಉಜ್ಜುತ್ತಾರೆ. ಬಹುಪಾಲು ಬ್ಲೈಂಡ್ಸ್‌ನ ಆಯಸ್ಸು ಮುಗಿಯುವುದು ಆ ಒಂದು ದಿನದ ತೊಳೆತದಲ್ಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಲೈಂಡ್ಸ್‌ಗೆ ಬೇಕಾದದ್ದು ಆಗಾಗ ಮಾಡುವ ಹಗುರವಾದ ಒಣ ಕೆಲಸ. ನೀರನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ತರಬೇಕು.

ನೀರಿನಲ್ಲಿ ಮುಳುಗಿಸಿದ ಅಲ್ಯೂಮಿನಿಯಂ ಬ್ಲೈಂಡ್ಸ್‌ಗೆ ಏನಾಗುತ್ತದೆಂದು ನೋಡಿದರೆ ಈ ಮಾತು ಅರ್ಥವಾದೀತು. ಪಟ್ಟಿಗಳನ್ನು ತಿರುಗಿಸುವ ಸರಳು, ಹಲ್ಲುಚಕ್ರ, ಹಗ್ಗವನ್ನು ಹಿಡಿದು ನಿಲ್ಲಿಸುವ ಲಾಕ್ ಇವೆಲ್ಲ ಇರುವುದು ಮೇಲಿನ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯೂ ಕೆಳಗಿನ ಭಾರದ ಪಟ್ಟಿಯೂ ಸಾಮಾನ್ಯವಾಗಿ ಉಕ್ಕಿನವು. ಒಳಗೆ ನಿಂತ ನೀರು ಬೇಗ ಆರುವುದಿಲ್ಲ, ಕೆಲವು ತಿಂಗಳಲ್ಲಿ ತುಕ್ಕು ಹಿಡಿಯುತ್ತದೆ. ಪಟ್ಟಿಗಳನ್ನು ಹಿಡಿದಿಟ್ಟಿರುವ ಏಣಿಯಂಥ ದಾರಗಳು ಕೊಳಕು ನೀರನ್ನು ಹೀರಿಕೊಂಡು, ಒಣಗುವಾಗ ಗೆರೆಗೆರೆಯಾಗಿ ಕಂದುಬಣ್ಣಕ್ಕೆ ತಿರುಗುತ್ತವೆ. ಇವೆಲ್ಲಕ್ಕಿಂತ ಮುಖ್ಯವಾಗಿ, ತೆಳ್ಳನೆಯ ಅಲ್ಯೂಮಿನಿಯಂ ಪಟ್ಟಿ ಒಮ್ಮೆ ಮಡಿಚಿಕೊಂಡರೆ ಆ ಮಡಿಕೆ ಮತ್ತೆ ಹೋಗುವುದಿಲ್ಲ. ಒದ್ದೆಯಾಗಿ, ಒಂದಕ್ಕೊಂದು ಸಿಕ್ಕಿಹಾಕಿಕೊಂಡು, ಭಾರವಾದ ಸ್ಥಿತಿಯಲ್ಲಿ ಎತ್ತಿ ಇಳಿಸುವಾಗ ಮಡಿಚದೆ ಉಳಿಯುವ ಪಟ್ಟಿಗಳೇ ಕಡಿಮೆ.

ಒಣ ಧೂಳು ಒಣದಾಗಿಯೇ ಇರುವಷ್ಟು ದಿನ ಅದನ್ನು ತೆಗೆಯುವುದಕ್ಕೆ ಒಂದು ಮೆತ್ತನೆಯ ಬಟ್ಟೆ ಸಾಕು. ಅಡ್ಡ ಪಟ್ಟಿಯ ಬ್ಲೈಂಡ್ಸ್ ಒರೆಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ತಪ್ಪಾಗುವುದು ಇಲ್ಲಿಯೇ. ಬ್ಲೈಂಡ್ಸ್ ಅನ್ನು ಪೂರ್ತಿ ಕೆಳಗಿಳಿಸಿ, ಪಟ್ಟಿಗಳು ಒಂದರ ಮೇಲೊಂದು ಕೂರುವಂತೆ ಮುಚ್ಚಬೇಕು. ಮೇಲಿನಿಂದ ಆರಂಭಿಸಬೇಕು, ಇಲ್ಲವಾದರೆ ಒರೆಸಿದ ಜಾಗದ ಮೇಲೆಯೇ ಧೂಳು ಉದುರುತ್ತದೆ. ಒಂದು ಕೈಯ ಬೆರಳುಗಳನ್ನು ಪಟ್ಟಿಯ ಹಿಂದೆ ಆಸರೆಯಾಗಿ ಇಟ್ಟು, ಇನ್ನೊಂದು ಕೈಯಲ್ಲಿ ಮೈಕ್ರೋಫೈಬರ್ ಬಟ್ಟೆಯನ್ನೋ, ಅದಿಲ್ಲದಿದ್ದರೆ ಬೆರಳುಗಳಿಗೆ ತೊಡಿಸಿಕೊಂಡ ಹಳೆಯ ಕಾಲುಚೀಲವನ್ನೋ ಬಳಸಿ, ಪಟ್ಟಿಯ ನಡುವಿನಿಂದ ಅಂಚಿನ ಕಡೆಗೆ ಒರೆಸಬೇಕು. ಏಣಿದಾರ ಪಟ್ಟಿಯನ್ನು ದಾಟುವ ಜಾಗದಲ್ಲಿ ಧೂಳು ಸಣ್ಣ ಬತ್ತಿಯಂತೆ ಸುತ್ತಿಕೊಂಡು ಕೂತಿರುತ್ತದೆ. ಬಟ್ಟೆಯನ್ನು ರಭಸವಾಗಿ ಎಳೆದರೆ ಅದು ದಾರದೊಳಕ್ಕೆ ಒತ್ತಿಕೊಂಡು ಕಲೆಯಾಗುತ್ತದೆ, ಆದ್ದರಿಂದ ಅಲ್ಲಿಗೆ ಮೆತ್ತನೆಯ ಒಣ ಬ್ರಷ್ ಬೇಕು. ಒಂದು ಬದಿ ಮುಗಿದ ಮೇಲೆ ಪಟ್ಟಿಗಳನ್ನು ಉಲ್ಟಾ ತಿರುಗಿಸಿ ಮುಚ್ಚಿದರೆ ಇನ್ನೊಂದು ಬದಿ ಎದುರಿಗೆ ಬರುತ್ತದೆ. 1841ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಜಾನ್ ಹ್ಯಾಂಪ್ಸನ್ ಎಂಬವರು ಪಟ್ಟಿಗಳ ಕೋನವನ್ನು ಬೇಕಾದಂತೆ ಹೊಂದಿಸುವ ವ್ಯವಸ್ಥೆಗೆ ಪೇಟೆಂಟ್ ಪಡೆದದ್ದು ಬೆಳಕಿನ ಹದಕ್ಕಾಗಿ. ಆದರೆ ಏಣಿ ಹತ್ತಿ ಹೊರಬದಿಗೆ ಹೋಗದೆ ಎರಡೂ ಮೈ ಒರೆಸಲು ಸಾಧ್ಯವಾಗಿರುವುದು ಆ ತಿರುವಿನಿಂದಲೇ ಎಂಬುದನ್ನು ಒರೆಸುವವರು ಬಲ್ಲರು.

ಪಿವಿಸಿ ಪಟ್ಟಿಗಳ ವಿಷಯದಲ್ಲಿ ಒಂದು ತಿದ್ದುಪಡಿ ಬೇಕು. ಅವನ್ನು ತೀರಾ ಒಣ ಬಟ್ಟೆಯಿಂದ ತಿಕ್ಕಿದರೆ ಸ್ಥಿರ ವಿದ್ಯುತ್ ಹುಟ್ಟಿ, ಗಾಳಿಯಲ್ಲಿರುವ ಧೂಳು ಮತ್ತೆ ಬಂದು ಅಂಟಿಕೊಳ್ಳುತ್ತದೆ. ಚೆನ್ನಾಗಿ ಹಿಂಡಿದ, ತೇವ ಇದೆಯೋ ಇಲ್ಲವೋ ಎನ್ನುವಂಥ ಬಟ್ಟೆ ಅವಕ್ಕೆ ಸರಿ.

ಅಡುಗೆಮನೆಯ ಕಿಟಕಿಯ ಕತೆಯೇ ಬೇರೆ. ಒಲೆಯಿಂದ ಏಳುವ ಎಣ್ಣೆಯ ಸೂಕ್ಷ್ಮ ಹನಿಗಳು ಪಟ್ಟಿಗಳ ಮೇಲೆ ಕೂತು, ಗಾಳಿ ಬೆಳಕು ಶಾಖಗಳಿಗೆ ಸಿಕ್ಕಿ ಕ್ರಮೇಣ ಹಳದಿ ಅಂಟಾಗಿ ಗಟ್ಟಿಯಾಗುತ್ತವೆ; ಅದರ ಮೇಲೆ ಧೂಳು ಕೂತರೆ ಯಾವ ಒಣ ಬಟ್ಟೆಗೂ ಜಗ್ಗುವುದಿಲ್ಲ. ನೀರು ಬೇಕಾಗುವುದು ಇಲ್ಲಿ, ಅದೂ ಬಟ್ಟೆಯ ಮೂಲಕ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಕೆಲವೇ ಹನಿ ಬೆರೆಸಿ, ಬಟ್ಟೆಯನ್ನು ಅದ್ದಿ ಹಿಂಡಿ, ಪಟ್ಟಿಯ ಮೇಲೆ ಒಂದು ಕ್ಷಣ ಒತ್ತಿ ಹಿಡಿದು ಜಿಡ್ಡು ಸಡಿಲವಾದ ಮೇಲೆ ಒರೆಸಬೇಕು. ನಂತರ ಬರೀ ನೀರಿನಲ್ಲಿ ಹಿಂಡಿದ ಇನ್ನೊಂದು ಬಟ್ಟೆ, ಅದರ ಬೆನ್ನಿಗೇ ಒಣ ಬಟ್ಟೆ. ನಡುವಿನ ಹಂತವನ್ನು ಬಿಟ್ಟರೆ ಪಟ್ಟಿಯ ಮೇಲೆ ಉಳಿದ ಸೋಪಿನ ಪೊರೆಯೇ ಮುಂದಿನ ಧೂಳನ್ನು ಹಿಡಿದುಕೊಳ್ಳುತ್ತದೆ. ಜಿಡ್ಡು ಬೇಗ ಹೋಗಲೆಂದು ವಾಷಿಂಗ್ ಸೋಡಾ, ಅಮೋನಿಯಾ ಇರುವ ಕ್ಲೀನರ್‌ಗಳನ್ನು ಅಲ್ಯೂಮಿನಿಯಂ ಮೇಲೆ ಹಾಕುವುದನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. ಅವು ಬಣ್ಣದ ಲೇಪವನ್ನು ಮಂಕಾಗಿಸುತ್ತವೆ, ಲೇಪ ಕಿತ್ತಲ್ಲಿ ಲೋಹವನ್ನೂ ತಿನ್ನುತ್ತವೆ. ಇನ್ನು ಅಡುಗೆಮನೆಗೆ ಬಟ್ಟೆಯ ಬ್ಲೈಂಡ್ಸ್ ಆರಿಸುವುದು ನನ್ನ ದೃಷ್ಟಿಯಲ್ಲಿ ಆರಂಭದಲ್ಲೇ ಆಗುವ ಪ್ರಮಾದ. ಒರೆಸಿದರೆ ಹೋಗುವಂಥ ನಯವಾದ ಮೈ ಅಲ್ಲಿಗೆ ಬೇಕು.

ಮರದ ಪಟ್ಟಿಗಳನ್ನು ನೆನೆಸುವ ಮಾತೇ ಇಲ್ಲ. ಮರ ನೀರು ಕುಡಿದು ಉಬ್ಬಿ, ಆರುವಾಗ ಸೊಟ್ಟಗಾಗುತ್ತದೆ. ಅವುಗಳಿಗೆ ಹೊಳಪು ಬರಿಸಲು ಪಾಲಿಶ್ ಸ್ಪ್ರೇ ಹೊಡೆಯುವ ಅಭ್ಯಾಸವೂ ಒಳ್ಳೆಯದಲ್ಲ, ಪದರದ ಮೇಲೆ ಪದರ ಸೇರಿ ಅಂಟಾಗುತ್ತದೆ. ಜೇನುಗೂಡಿನ ಆಕಾರದ ಬಟ್ಟೆಯ ಬ್ಲೈಂಡ್ಸ್‌ನ ಕೋಶಗಳೊಳಗೆ ಸತ್ತ ಹುಳುಗಳು ಸೇರಿಕೊಂಡು ಬೆಳಕಿಗೆ ಎದುರಾಗಿ ಕಪ್ಪು ಚುಕ್ಕೆಗಳಂತೆ ಕಾಣುತ್ತವೆ. ಹೇರ್ ಡ್ರೈಯರ್ ಅನ್ನು ತಣ್ಣನೆಯ ಗಾಳಿಗೆ ಇಟ್ಟು ಕೋಶದ ಒಂದು ತುದಿಯಿಂದ ಊದಿದರೆ ಅವು ಇನ್ನೊಂದು ತುದಿಯಲ್ಲಿ ಹೊರಬೀಳುತ್ತವೆ. ಬಿಸಿ ಗಾಳಿ ಮಾತ್ರ ಕೂಡದು, ಪದರಗಳನ್ನು ಜೋಡಿಸಿರುವ ಅಂಟು ಬಿಟ್ಟೀತು.

ರೋಲರ್ ಬ್ಲೈಂಡ್ಸ್ ಬಗ್ಗೆ ಜನರಲ್ಲಿ ಒಂದು ನಿಶ್ಚಿಂತೆಯಿದೆ; ಸುತ್ತಿಟ್ಟರೆ ಧೂಳೇ ಕೂರುವುದಿಲ್ಲವಲ್ಲ ಎನ್ನುತ್ತಾರೆ. ಧೂಳು ಕಡಿಮೆ ನಿಜ, ಆದರೆ ಅವುಗಳ ಶತ್ರು ತೇವ. ಹೊರಗೆ ಚಳಿ, ಒಳಗೆ ಬಿಸಿ ಇದ್ದಾಗ ಗಾಜಿನ ಮೇಲೆ ಕೂಡುವ ನೀರಹನಿಗಳು ಇಳಿದು ಬ್ಲೈಂಡ್ಸ್‌ನ ಕೆಳಅಂಚನ್ನು ತೋಯಿಸುತ್ತವೆ. ಬೆಳಿಗ್ಗೆ ಎದ್ದವರು ಅದನ್ನು ಹಾಗೆಯೇ ಮೇಲಕ್ಕೆ ಸುತ್ತಿಬಿಟ್ಟರೆ ಆ ತೇವಕ್ಕೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ನೂಲಿನೊಳಕ್ಕೆ ಇಳಿದ ಬೂಷ್ಟಿನ ಕಪ್ಪುಚುಕ್ಕೆಯನ್ನು ಬಟ್ಟೆಯ ಬಣ್ಣ ಕೆಡಿಸದೆ ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಮೊದಲು ಗಾಜನ್ನು ಒರೆಸಿ, ಅಂಚು ಆರಿದ ಮೇಲೆ ಸುತ್ತಬೇಕು. ಬೆಳಕನ್ನು ಪೂರ್ತಿ ತಡೆಯುವ ಬಗೆಯವಕ್ಕೆ ಹಿಂಬದಿಯಲ್ಲಿ ಲೇಪವಿರುತ್ತದೆ. ಅದನ್ನು ಮಡಿಚಿದರೆ ಲೇಪ ಬಿರಿದು, ಸೂಜಿಮೊನೆಯಷ್ಟು ಸಣ್ಣ ತೂತುಗಳಲ್ಲಿ ಬೆಳಕು ತೂರಿಬರುತ್ತದೆ.

ಶುಚಿತ್ವದಷ್ಟೇ ಗಮನ ಬೇಡುವುದು ಹಗ್ಗ. ಪಟ್ಟಿಗಳು ಮುಚ್ಚಿರುವಾಗಲೇ ಬ್ಲೈಂಡ್ಸ್ ಅನ್ನು ಎಳೆದು ಏರಿಸುವವರೇ ಹೆಚ್ಚು. ಆಗ ಹಗ್ಗ ಪ್ರತಿಯೊಂದು ಪಟ್ಟಿಯ ತೂತಿನ ಅಂಚಿಗೂ ಉಜ್ಜಿಕೊಂಡು ಸವೆಯುತ್ತದೆ. ಮೊದಲು ಪಟ್ಟಿಗಳನ್ನು ಅಡ್ಡಲಾಗಿ ತೆರೆದು, ಆಮೇಲೆ ನಿಧಾನವಾಗಿ ನೇರಕ್ಕೆ ಎಳೆಯಬೇಕು. ಎಳೆದ ಬ್ಲೈಂಡ್ಸ್ ನಿಲ್ಲದೆ ಜಾರುತ್ತಿದ್ದರೆ ಬಹುಮಟ್ಟಿಗೆ ಲಾಕ್‌ನೊಳಗೆ ಧೂಳು ಸಿಕ್ಕಿದೆ ಎಂದರ್ಥ. ಅದನ್ನು ಗಾಳಿಯಿಂದ ಊದಿ ತೆಗೆಯಬೇಕೇ ಹೊರತು ಅಲ್ಲಿಗೆ ಎಣ್ಣೆ ಬಿಡಬಾರದು, ಎಣ್ಣೆ ಇನ್ನಷ್ಟು ಧೂಳನ್ನು ಕರೆಯುತ್ತದೆ. ಹಗ್ಗ ಸವೆದ ಮಾತ್ರಕ್ಕೆ ಇಡೀ ಬ್ಲೈಂಡ್ಸ್ ಬಿಸಾಡುವುದು ನನಗೆ ಸಂಕಟದ ಸಂಗತಿ. ಅದೇ ದಪ್ಪದ ಹೊಸ ಹಗ್ಗದ ತುದಿಯನ್ನು ಹಳೆಯ ಹಗ್ಗದ ತುದಿಗೆ ಉಬ್ಬು ಬಾರದಂತೆ ಟೇಪಿನಿಂದ ಸೇರಿಸಿ, ಹಳೆಯದನ್ನು ನಿಧಾನವಾಗಿ ಎಳೆದರೆ ಹೊಸದು ಅದೇ ದಾರಿಯಲ್ಲಿ ತೂತುಗಳನ್ನೆಲ್ಲ ದಾಟಿ ಬರುತ್ತದೆ.

ಬ್ಲೈಂಡ್ಸ್ ಆರಿಸುವವರು ಒಬ್ಬರು, ಒರೆಸುವವರು ಇನ್ನೊಬ್ಬರು ಆಗಿರುವ ಮನೆಗಳಲ್ಲಿಯೇ ಮೇಲಿನ ತೊಂದರೆಗಳೆಲ್ಲ ಹೆಚ್ಚು. ಇಪ್ಪತ್ತೈದು ಮಿಲಿಮೀಟರ್ ಅಗಲದ ಪಟ್ಟಿಗೂ ಐವತ್ತು ಮಿಲಿಮೀಟರ್ ಅಗಲದ ಪಟ್ಟಿಗೂ ನೋಟದಲ್ಲಿ ಇರುವ ವ್ಯತ್ಯಾಸ ಎಲ್ಲರಿಗೂ ಕಾಣುತ್ತದೆ. ಒಂದೇ ಎತ್ತರದ ಕಿಟಕಿಗೆ ಮೊದಲನೆಯದರಲ್ಲಿ ಸುಮಾರು ಎರಡು ಪಟ್ಟು ಪಟ್ಟಿಗಳಿರುತ್ತವೆ ಎಂಬುದು ಒರೆಸುವ ಕೈಗೆ ಮಾತ್ರ ತಿಳಿಯುತ್ತದೆ. ಆಯ್ಕೆಯ ದಿನ ಆ ಕೈಯವರ ಮಾತನ್ನು ಮೊದಲು ಕೇಳಬೇಕು.

ಮಕ್ಕಳಿರುವ ಮನೆಯಲ್ಲಿ ಜೋತಾಡುವ ಹಗ್ಗ ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯ ನಿಜವಾದದ್ದು. ಅಮೆರಿಕದಲ್ಲಿ 2018ರ ಕೊನೆಗೆ ಜಾರಿಗೆ ಬಂದ ಮಾನದಂಡ ಸಿದ್ಧ ಅಳತೆಯ ಬ್ಲೈಂಡ್ಸ್‌ನಲ್ಲಿ ಉದ್ದನೆಯ ತೆರೆದ ಹಗ್ಗಗಳಿಗೆ ಅವಕಾಶ ಕೊಡದಿರುವುದು ಈ ಕಾರಣಕ್ಕೇ. ಹಗ್ಗವನ್ನು ಎತ್ತರದ ಕೊಕ್ಕೆಗೆ ಬಿಗಿಯಾಗಿ ಸುತ್ತಿಡುವುದು, ಮಂಚ ತೊಟ್ಟಿಲುಗಳನ್ನು ಕಿಟಕಿಯಿಂದ ದೂರ ಸರಿಸುವುದು ಇವತ್ತೇ ಆಗಬೇಕಾದ ಕೆಲಸ. ಸಾಧ್ಯವಿದ್ದರೆ ಹಗ್ಗವಿಲ್ಲದ ಬ್ಲೈಂಡ್ಸ್ ಹಾಕಿಸಿ. ಹಾಗೆಯೇ 1996ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ, ಹೊಳಪಿಲ್ಲದ ಕೆಲವು ವಿನೈಲ್ ಮಿನಿ ಬ್ಲೈಂಡ್ಸ್‌ನಲ್ಲಿ ಸೀಸ ಬೆರೆತಿದೆಯೆಂದೂ, ಬಿಸಿಲು ಶಾಖಗಳಿಗೆ ವಿನೈಲ್ ಶಿಥಿಲವಾದಾಗ ಪಟ್ಟಿಯ ಮೇಲೆ ಸೀಸದ ಧೂಳು ಹುಟ್ಟುತ್ತದೆಂದೂ ಎಚ್ಚರಿಸಿತ್ತು. ಆ ಕಾಲದ ಅಂಥ ಬ್ಲೈಂಡ್ಸ್ ಇನ್ನೂ ನಿಮ್ಮ ಕಿಟಕಿಯಲ್ಲಿದ್ದು, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ, ಅವನ್ನು ಒರೆಸುತ್ತ ಕೂರದೆ ಇಳಿಸಿಬಿಡಿ. ಇಳಿಸಿದ ಮೇಲೆ ಕಿಟಕಿಯ ದಂಡೆಯನ್ನೂ ಕೆಳಗಿನ ನೆಲವನ್ನೂ ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನೂ ಎಸೆದುಬಿಡಿ.