ಹಡಗು ತಡವೇ ಆಗಲಿಲ್ಲವಂತೆ, ಕೇಳಿದಿರಾ?

ಸಮಯ ಬದಲಾಗಿದೆ ಅಂತ ಒಂದು ಚೀಟಿ ಕೊಟ್ಟ ಮೇಲೆ ತಡ ಅನ್ನುವುದೇ ಇರುವುದಿಲ್ಲವಂತೆ. ಇವತ್ತು ಹಡಗಿನ ಪ್ರವಾಸದ ಕ್ಲೇಮಿಗೆ ಅಂತ ಹೋಗಿ, ಆ ಇನ್ಶೂರೆನ್ಸ್ ಆಫೀಸಿನಿಂದ ಬಂದವನು ಇನ್ನೂ ಊಟಕ್ಕೆ ಕೂತಿಲ್ಲ. ಊಟ ಅಂದರೆ ಸಾಕು, ಮೈ ಉರಿಯುತ್ತದೆ.

ಕೌಂಟರಿನ ಹುಡುಗ ನನ್ನ ಫೈಲ್ ಬಿಡಿಸಿ, ಇಡೀ ಆಫೀಸಿಗೆ ಕೇಳುವ ಹಾಗೆ ಶುರು ಮಾಡಿದ. "ಸಾರ್, ಹಡಗು ಮುಂಬೈನಿಂದ ಹೊರಟಿತಲ್ವಾ?" ಹೊರಟಿತು. "ವಾಪಸ್ ಮುಂಬೈಗೇ ಬಂತಲ್ವಾ?" ಬಂತು. "ರೂಮ್ ಕೊಟ್ರಾ?" ಕೊಟ್ಟರು. "ಊಟ?" ಮೂರು ಹೊತ್ತೂ ಕೊಟ್ಟರು ಮಾರಾಯ, ರಾತ್ರಿ ಐಸ್‌ಕ್ರೀಮೂ ಕೊಟ್ಟರು. "ಮತ್ತೆ ನಿಮಗೆ ನಷ್ಟ ಎಂತದು ಸಾರ್?"

ಅಗತ್ತಿ, ಅಂದೆ. ಲಕ್ಷದ್ವೀಪದ ಅಗತ್ತಿ ದ್ವೀಪ ತೋರಿಸುತ್ತೇವೆ ಅಂತ ದುಡ್ಡು ತೆಗೆದುಕೊಂಡು ಎರಡು ದಿನ ಬರೀ ನೀರು ತೋರಿಸಿದರು. ನೀರು ನೋಡಲು ಕಾರವಾರದವನು ಮುಂಬೈಗೆ ಹೋಗಬೇಕಾ?

ಪಕ್ಕದ ಕುರ್ಚಿಯಲ್ಲಿ ಬೈತಖೋಲದ ಒಬ್ಬ ಮುದುಕಪ್ಪ ಕೂತಿದ್ದ. ತನ್ನ ಬೋಟಿನ ಕ್ಲೇಮಿಗೆ ಬಂದವನು. ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಒದ್ದೆಯಾಗಿ ಒಣಗಿ ಅಲೆಅಲೆಯಾದ ಕಾಗದಗಳು. ಅವನು ನನ್ನ ಕಡೆ ತಿರುಗಿದ.

"ನಿಮ್ಮ ಬೋಟು ಮುಳುಗಿತಾ?"

"ಇಲ್ಲ."

"ಎಂಜಿನ್ ಹೋಯ್ತಾ?"

"ಇಲ್ಲ."

"ಯಾರಿಗಾದ್ರೂ ಪೆಟ್ಟಾಯ್ತಾ?"

"ಇಲ್ಲ ಅಣ್ಣ."

"ಮತ್ತೆ ಇಲ್ಲಿ ಎಂತಕ್ಕೆ ಬಂದಿರಿ?"

ಕುಹಕ ಇರಲಿಲ್ಲ ಅವನ ಮಾತಿನಲ್ಲಿ. ನಿಜವಾಗಿ ತಿಳಿದುಕೊಳ್ಳಲು ಕೇಳಿದ. ಅದೇ ಚುಚ್ಚಿದ್ದು. ನಾನು ಬಾಯಿ ತೆರೆಯುವ ಮೊದಲೇ ಕೌಂಟರಿನ ಹುಡುಗ, "ಅಲ್ಲಿ ಅಲೆ ಜಾಸ್ತಿ ಇತ್ತಂತೆ, ಇಳಿಸಲಿಲ್ಲವಂತೆ" ಅಂದ. ಮುದುಕಪ್ಪ, "ಸಮುದ್ರ ಅಂದ್ಮೇಲೆ ತೆರೆ ಇರ್ತದಪ್ಪ" ಅಂದ. ನಕ್ಕರು. ಹೆಲ್ಮೆಟ್ ಹಿಡಿದು ನಿಂತವನೂ ನಕ್ಕ, ನೀರಿನ ಕ್ಯಾನ್ ಇಡಲು ಬಂದ ಹುಡುಗನೂ ನಕ್ಕ. ನಾನೂ ನಕ್ಕೆ! ಅದೇ ಈಗ ನಿದ್ದೆ ಕೆಡಿಸುತ್ತಿರುವುದು. ಯಾಕೆ ನಕ್ಕೆ?

ಇಳಿಸದಿದ್ದದ್ದಕ್ಕೆ ನನ್ನ ತಕರಾರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅಗತ್ತಿಯಲ್ಲಿ ಅಷ್ಟು ದೊಡ್ಡ ಹಡಗು ದಡಕ್ಕೆ ತಾಗುವುದಿಲ್ಲ. ದೂರದಲ್ಲಿ ಲಂಗರು ಹಾಕಿ, ಸಣ್ಣ ಬೋಟುಗಳಲ್ಲಿ ಜನರನ್ನು ಇಳಿಸಬೇಕು. ಜೊತೆಗಿದ್ದ ಆಯಿಗೆ, ನಮ್ಮಮ್ಮನಿಗೆ, ಮಂಡಿ ನೋವು. ಕುಣಿಯುವ ಬೋಟಿಗೆ ಆಕೆಯನ್ನು ದಾಟಿಸುವುದು ನನಗೂ ಬೇಡವಾಗಿತ್ತು. ಕ್ಯಾಪ್ಟನ್ ಬೇಡ ಅಂದ, ಸರಿ. ಹಡಗಿನ ಟಿಕೆಟ್ಟಿನ ಷರತ್ತಿನಲ್ಲೂ ಹಾಗೇ ಇದೆ: ಸುರಕ್ಷತೆಗಾಗಿ ಯಾವ ಬಂದರನ್ನಾದರೂ ಬಿಡಬಹುದು, ಹೊಣೆ ನಮ್ಮದಲ್ಲ. ಪೋರ್ಟ್ ಚಾರ್ಜ್ ಅಂತ ಒಂದಿಷ್ಟು ಚಿಲ್ಲರೆ ಖಾತೆಗೆ ಬಂತು. ಲಕ್ಷದ್ವೀಪದ ಪರ್ಮಿಟ್ಟಿಗೆ ಓಡಾಡಿದ್ದು ನೀರುಪಾಲು. "ಉಳಿದದ್ದಕ್ಕೆ ನಿಮ್ಮ ಇನ್ಶೂರೆನ್ಸ್‌ನವರನ್ನು ಕೇಳಿ" ಅಂದರು. ಕೇಳಿದೆ. ಕೇಳಿದ್ದಕ್ಕೇ ಇಷ್ಟೆಲ್ಲ.

ಪಾಲಿಸಿಯನ್ನು ನಾನು ಓದಿದ್ದೇನೆ, ಸಾಲು ಸಾಲು ಓದಿದ್ದೇನೆ. ಹೊರಡುವ ಮೊದಲೇ ಪ್ರವಾಸ ರದ್ದಾದರೆ ಕೊಡುತ್ತಾರೆ. ಅರ್ಧಕ್ಕೆ ಬಿಟ್ಟು ಮನೆಗೆ ವಾಪಸಾದರೆ ಕೊಡುತ್ತಾರೆ, ಅದಕ್ಕೂ ಅವರೇ ಬರೆದಿಟ್ಟ ಕಾರಣಗಳು ಬೇಕು. ಹಡಗು ಹೊರಟು, ಹೋಗಬೇಕಾದಲ್ಲಿಗೆ ಹೋಗದೆ, ಸುಮ್ನೆ ಸುತ್ತಿ ಬಂದರೆ? ಅದಕ್ಕೆ ಕಾಲಂ ಇಲ್ಲ. ಪ್ರವಾಸ ಆಯಿತಲ್ಲ ಅನ್ನುತ್ತಾರೆ. ಆಟ ನೋಡಲು ಬಂದವನನ್ನು ವೇಷಧಾರಿಗಳು ಬಣ್ಣ ಹಚ್ಚುವ ಚೌಕಿಯಲ್ಲಿ ಕೂರಿಸಿ ಚಾ ಕೊಟ್ಟು ಕಳಿಸಿ, ಯಕ್ಷಗಾನ ನೋಡಿದಿರಲ್ಲ ಅಂದ ಹಾಗೆ. ಬ್ರಿಟನ್ನಿನಲ್ಲಿ ಕ್ರೂಸಿಗೆಂದೇ ಮಾಡಿದ ಪಾಲಿಸಿಗಳಲ್ಲಿ, ತಪ್ಪಿದ ಒಂದೊಂದು ಬಂದರಿಗೆ ಇಷ್ಟು ಅಂತ ಕೊಡುವುದುಂಟು. ಅಲ್ಲೂ ಇಳಿಸುವ ಬೋಟು ಕೆಟ್ಟಿದ್ದರೆ ಕೆಲವರು ಕೈ ಎತ್ತುತ್ತಾರೆ, ಆ ಮಾತು ಬೇರೆ.

ಹೋಗಲಿ, ಅಗತ್ತಿಯನ್ನು ಬಿಟ್ಟೆ. ಬಿಟ್ಟೇಬಿಟ್ಟೆ. ನಾನು ಹಾಕಿದ್ದು ತಡವಾದದ್ದರ ಕ್ಲೇಮ್. ಅದಂತೂ ಪಾಲಿಸಿಯಲ್ಲಿ ಕಪ್ಪು ಅಕ್ಷರದಲ್ಲಿದೆ.

ಬೆಳಿಗ್ಗೆ ಮುಂಬೈನ ಬಲ್ಲಾರ್ಡ್ ಪಿಯರ್‌ಗೆ ಬರಬೇಕಾದ ಹಡಗು ಬಂದದ್ದು ಸಂಜೆ. ಊರಿಗೆ ಬರುವ ಮಧ್ಯಾಹ್ನದ ಮತ್ಸ್ಯಗಂಧ ರೈಲು ಆಗಲೇ ಹೋಗಿತ್ತು. ಮೂವರಿಗೂ ಲೋವರ್ ಬರ್ತ್ ಹೊಂದಿಸಿದ್ದ ಟಿಕೆಟ್ಟು ಅದು. ಕೊನೆಗೆ ಡಬಲ್ ದುಡ್ಡು ಕೊಟ್ಟು ಬಸ್ಸು ಹತ್ತಿದೆವು, ಸಿಕ್ಕಿದ್ದೆಲ್ಲ ಮೇಲಿನ ಸ್ಲೀಪರ್. ಆಯಿ ಆ ಸಣ್ಣ ಕಬ್ಬಿಣದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಎತ್ತಲಾಗದೆ, ಸೀರೆಯ ನೆರಿಗೆ ಹಿಡಿದು ನಿಂತೇ ಇದ್ದಳು. ಹಿಂದಿನಿಂದ ಕ್ಲೀನರ್, "ಬೇಗ ಅಮ್ಮಾ ಬೇಗ" ಅನ್ನುತ್ತಿದ್ದ. ಕೊನೆಗೆ ಯಾರೋ ಪುಣ್ಯಾತ್ಮ ಕೆಳಗಿನ ಸೀಟು ಬಿಟ್ಟುಕೊಟ್ಟ.

ಇಷ್ಟಕ್ಕೂ ತಡ ಅಲ್ಲವಂತೆ. ಯಾಕೆ ಗೊತ್ತಾ? ಹಿಂದಿನ ರಾತ್ರಿ ಕ್ಯಾಬಿನ್ ಬಾಗಿಲ ಸಂದಿಯಿಂದ ಒಂದು ಚೀಟಿ ತೂರಿಸಿದ್ದರು. ಬದಲಾದ ವೇಳಾಪಟ್ಟಿ, ಮುಂಬೈ ತಲುಪುವುದು ಸಂಜೆ. ಹಡಗು ಆ ಚೀಟಿಯ ಪ್ರಕಾರ ಸರಿಯಾದ ಹೊತ್ತಿಗೇ ಬಂತಂತೆ. "ರಿವೈಸ್ಡ್ ಶೆಡ್ಯೂಲ್ ಪ್ರಕಾರ ಡಿಲೇ ಇಲ್ಲ ಸಾರ್" ಅಂದ ಹುಡುಗ. ಹಾಗಾದರೆ ನಮ್ಮ ರೈಲ್ವೆಯವರೂ ರಾತ್ರಿ ಒಂದು ಚೀಟಿ ಹಂಚಿದರೆ, ದೇಶದಲ್ಲಿ ಯಾವ ರೈಲೂ ಲೇಟಾಗುವುದಿಲ್ಲವಲ್ಲ!

ಹವಾಮಾನದ ಕಾರಣಕ್ಕಾದರೂ ಏನಾದರೂ ಸಿಗಬಹುದಾ ಅಂದೆ. ಹಡಗಿನವರ ಪತ್ರ ತನ್ನಿ ಅಂದರು. ತಂದೆ. ಅದರಲ್ಲಿ ಬರೆದದ್ದು 'ಆಪರೇಷನಲ್ ರೀಸನ್ಸ್' ಅಂತ. ಕ್ಯಾಪ್ಟನ್ ಮೈಕಿನಲ್ಲಿ ಅಲೆ ಅಲೆ ಅಂತ ಅಷ್ಟು ಹೊತ್ತು ಕೊರೆದದ್ದನ್ನು ಹಡಗಿಗೆ ಹಡಗೇ ಕೇಳಿಸಿಕೊಂಡಿದೆ. ಕಾಗದದ ಮೇಲೆ ಮಾತ್ರ ಅಲೆ ಇಲ್ಲ.

ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ ಮಾಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದೇ ಒಂದಕ್ಕೆ ಉತ್ತರ ಹೇಳಿ. ತಡವನ್ನು ಯಾವ ವೇಳಾಪಟ್ಟಿಯಿಂದ ಲೆಕ್ಕ ಹಾಕುತ್ತೀರಿ? ನಾನು ಪ್ರೀಮಿಯಂ ಕಟ್ಟಿದ ದಿನ ಇದ್ದದ್ದರಿಂದಲೋ, ರಾತ್ರಿ ತೂರಿಸಿದ್ದರಿಂದಲೋ? ಪಾಲಿಸಿಯಲ್ಲಿ ಇದನ್ನು ಎಲ್ಲೂ ಬರೆದಿಲ್ಲ. ಬರೆದಿಲ್ಲದ್ದು ಯಾವಾಗಲೂ ನಿಮ್ಮ ಕಡೆಗೇ ಯಾಕೆ ವಾಲುತ್ತದೆ?

ದಾರಿ ಇಲ್ಲ ಅಂತಲ್ಲ, ಗೊತ್ತು. ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಇಲ್ಲ ಅಂದರೆ, ವಿಮೆಯ ದೂರುಗಳನ್ನು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್. ಫೀ ಇಲ್ಲ, ವಕೀಲರು ಬೇಡ. 50 ಲಕ್ಷದವರೆಗಿನ ತಕರಾರು ಕೇಳುತ್ತಾರೆ. ನನ್ನದು ಬಸ್ ಟಿಕೆಟ್ಟಿನ ದುಡ್ಡು! ಗ್ರಾಹಕರ ಆಯೋಗ ಇಲ್ಲೇ ಕಾರವಾರದಲ್ಲಿದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅಲ್ಲೂ ಶುಲ್ಕ ಇಲ್ಲ. ಅಲ್ಲಿ ಹೋದರೂ ಮೊದಲ ಪ್ರಶ್ನೆ ಊಟ ಕೊಟ್ಟರಾ ಅಂತಲೇ ಇರಬೇಕು.

ಯಾರಿಗೆ ಬೇಕು ಈ ಗೋಳು? ಕಂಪನಿಗೆ ಬಿಟ್ಟಿ ಹೋಯಿತು ಅಂದುಕೊಂಡರಾಯಿತು. ಆಯಿಯೂ ಅದನ್ನೇ ಹೇಳಿದಳು, "ಬಿಡಾ ತಮ್ಮಾ, ಐಸ್‌ಕ್ರೀಮ್ ಚೊಲೋ ಇತ್ತು." ಬಿಟ್ಟೆ.

ದೂರಿನ ಪತ್ರ ಎರಡು ಪುಟ ಆಗಿದೆ, ಇನ್ನೂ ಚೀಟಿಯ ವಿಷಯಕ್ಕೇ ಬಂದಿಲ್ಲ. ಆ ಚೀಟಿಯ ಫೋಟೋ ನನ್ನ ಫೋನಿನಲ್ಲಿದೆ, ಎಷ್ಟು ಹೊತ್ತಿಗೆ ತೆಗೆದದ್ದು ಅನ್ನುವುದೂ ಅದರಲ್ಲೇ ಇದೆ. ನಾಳೆ ಕಲರ್ ಪ್ರಿಂಟ್ ತೆಗೆಸುತ್ತೇನೆ.